ಫ್ಯಾನಿನ ಬಾಯಿ ಮುಚ್ಚಿಸಿದ ಮೇಲೆ

ಟಪ್, ಟಪ್, ಟಪ್. ಆಂಧ್ರದ ಗಡಿಯೂರು ಹಿಂದೂಪುರದ ನಮ್ಮ ಬೀದಿಯಲ್ಲಿ ಶಿವರಾತ್ರಿ ಕಳೆದರೆ ಸಾಕು, ಪ್ರತಿ ಜಗಲಿಯಿಂದಲೂ ಈ ಸದ್ದು ಬರುತ್ತದೆ. ಹುಣಸೆಹಣ್ಣನ್ನು ಕಲ್ಲಿನ ಮೇಲಿಟ್ಟು, ಸಣ್ಣ ಸುತ್ತಿಗೆಯಲ್ಲಿ ಕುಟ್ಟಿ, ಬೀಜ ಬೇರೆ ಮಾಡುವ ಸದ್ದು. ಮಂಡಿಯವರು ಮೂಟೆ ಇಳಿಸಿ ಹೋಗುತ್ತಾರೆ, ಹೆಂಗಸರು ಮಾತಾಡುತ್ತಾ ಕುಟ್ಟುತ್ತಾರೆ. ಕಣ್ಣು ಮುಚ್ಚಿ ಕೇಳಿದರೆ ಬೀದಿಗೆ ಬೀದಿಯೇ ಎಲ್ಲಿಗೋ ನಿಧಾನವಾಗಿ ನಡೆದು ಹೋಗುತ್ತಿರುವಂತೆ ಅನಿಸುತ್ತದೆ. ಈ ಸದ್ದಿನ ಮೇಲೆ ನನಗೆ ಯಾವ ದೂರೂ ಇಲ್ಲ. ನನ್ನ ದೂರೆಲ್ಲ ಮನೆಯೊಳಗಿನ ಸದ್ದಿನ ಮೇಲೆ. ಅದನ್ನು ಅಡಗಿಸಿಯೇ ತೀರುತ್ತೇನೆ, ಇಲ್ಲದಿದ್ದರೆ ನನ್ನ ಹೆಸರು ಪದ್ಮಲತಾ ಅಲ್ಲ ಎಂದು ನಾನು ಆ ಬೇಸಿಗೆಯಲ್ಲಿ ಪ್ರತಿಜ್ಞೆ ಮಾಡಿದೆ. ಅಡಗಿಸಿದೆ ಕೂಡ! ಅದೇ ಆದ ತಪ್ಪು.

ಇವರು, ಅಂದರೆ ನನ್ನ ಗಂಡ ಸುರೇಂದ್ರ, ಮದುವೆ ವಿಡಿಯೊ ತೆಗೆಯುತ್ತಾರೆ. ತೆಗೆದದ್ದನ್ನು ಮನೆಯಲ್ಲೇ ಕೂತು ಮಿಕ್ಸಿಂಗ್ ಮಾಡುತ್ತಾರೆ. ಮಿಕ್ಸಿಂಗ್ ಎಂದರೆ ವಧೂವರರ ಮೇಲೆ ಗುಲಾಬಿ ಸುರಿಸುವುದು, ಇಬ್ಬರನ್ನೂ ಹೃದಯದ ಆಕಾರದೊಳಗೆ ಕೂರಿಸುವುದು, ಪಕ್ಕದ ಪೆನುಕೊಂಡ ದಾಟದವರನ್ನು ಸ್ವಿಟ್ಜರ್ಲೆಂಡಿನ ಹಿಮದಲ್ಲಿ ನಿಲ್ಲಿಸುವುದು. ಅಷ್ಟು ದೂರ ಜನರನ್ನು ಸಾಗಿಸುವ ತಾಕತ್ತು ಸಾಧಾರಣ ಕಂಪ್ಯೂಟರಿಗೆ ಇಲ್ಲವಂತೆ. ಅದಕ್ಕೆಂದು, ಅನಂತಪುರದ ಯಾವನೋ ಇಂಜಿನಿಯರಿಂಗ್ ವಿದ್ಯಾರ್ಥಿ ಆಟ ಆಡಿ ಆಡಿ ದಣಿಸಿಟ್ಟಿದ್ದ ಗೇಮಿಂಗ್ ಲ್ಯಾಪ್‌ಟಾಪನ್ನು ಇವರು ಸೆಕೆಂಡ್ ಹ್ಯಾಂಡಿನಲ್ಲಿ ಕೊಂಡು ತಂದರು. ಬೀಸೋಕಲ್ಲಿನಷ್ಟು ತೂಕ. ಮುಚ್ಚಳದ ಮೇಲೆ ಬೆಂಕಿ ಉಗುಳುವ ಒಂದು ಪ್ರಾಣಿ. ಹೊಟ್ಟೆಯೊಳಗೆ ಎರಡು ಫ್ಯಾನು.

ಆ ಫ್ಯಾನುಗಳು! ಆನ್ ಮಾಡಿದ ಕೂಡಲೇ ಒಂದು ನಿಟ್ಟುಸಿರು. ಸ್ವಲ್ಪ ಹೊತ್ತಿಗೆ ಜೇನುಹುಟ್ಟು. ಗುಲಾಬಿ ಸುರಿಯಲು ಶುರುವಾದರೆ ಕಡ್ಲೆಕಾಯಿ ಸುಲಿಯುವ ಮಿಷನ್ನು. ಸ್ವಿಟ್ಜರ್ಲೆಂಡ್ ತಲುಪುವಷ್ಟರಲ್ಲಿ ಘಾಟಿ ಹತ್ತುತ್ತಿರುವ ಲೋಡ್ ಲಾರಿ. ನಮ್ಮತ್ತೆ ಕೊಂಡಮ್ಮನವರು ಅದನ್ನು ಲ್ಯಾಪ್‌ಟಾಪ್ ಎಂದು ಒಂದು ದಿನವೂ ಕರೆದವರಲ್ಲ. "ಸುರೇಂದ್ರಾ, ನಿನ್ ಮಿಲ್ಲು ನಿಲ್ಸಲಾ, ಫೋನ್ ಬಂದೈತೆ," ಎನ್ನುತ್ತಿದ್ದರು.

ಮಿಲ್ಲಿನ ಜೊತೆ ನಾನು ಹೇಗೋ ಸಂಸಾರ ಮಾಡಿಕೊಂಡಿದ್ದೆ. ಆದರೆ ಕಲ್ಯಾಣದುರ್ಗದ ಜಯರಾಮಪ್ಪನವರು ಬಂದರು. ಅವರ ಮಗಳ ನಿಶ್ಚಿತಾರ್ಥ ಸೋಮಂದೇಪಲ್ಲಿಯಲ್ಲಿ, ಗಂಡಿನ ಮನೆಯಲ್ಲಿ ಆಗಿತ್ತು. ವಿಡಿಯೊ ತೆಗೆದವರು ಇವರೇ. ಅದನ್ನು ಮದುವೆಯ ಹಿಂದಿನ ಸಂಜೆ ರಿಸೆಪ್ಷನ್ನಿನಲ್ಲಿ, ಛತ್ರದಲ್ಲಿ ದೊಡ್ಡ ಪರದೆ ಕಟ್ಟಿ ತೋರಿಸಬೇಕು ಎಂಬುದು ಜಯರಾಮಪ್ಪನವರ ಆಸೆ.

"ಮಾತು ಇರ್ಬೇಕು ಕಣಪ್ಪ, ಬರೀ ತೆಲುಗು ಸಿನಿಮಾ ಪಾಟಲು ಹಾಡಿಸ್ಬೇಡ," ಎಂದರು. "ಮಾತೂ ನಮ್ ಮನೇಲಿ ಆಡೋ ಕನ್ನಡ್ದಾಗೇ ಇರ್ಲಿ. ಬೀಗರೂ ಕನ್ನಡದೋರೇ."

ಇವರ ವಿಡಿಯೊಗಳಿಗೆ ಮಾತು ಹೇಳುತ್ತಿದ್ದವನು ಈಶ್ವರ್. ಸಂತೆಯಲ್ಲಿ ಆಟೋ ಮೇಲೆ ಮೈಕು ಕಟ್ಟಿ ಸೀರೆ ಡಿಸ್ಕೌಂಟು ಕೂಗುವವನು. ಮದುವೆಯನ್ನೂ ಅವನು ತೆಲುಗಿನಲ್ಲಿ ಸೀರೆಯ ಹಾಗೆಯೇ ಕೂಗುತ್ತಿದ್ದ. ಕನ್ನಡ ಅವನಿಗೆ ಮಾತಿಗೆ ಬರುತ್ತದೆ, ಓದಲು ಬರುವುದಿಲ್ಲ.

ನಾನು ಬಾಗಿಲ ಹಿಂದೆ ನಿಂತಿದ್ದೆ. ನಮ್ಮ ಕಾಲೇಜಿನಲ್ಲಿ ಭಾಷಣಕ್ಕೂ ಕವನ ವಾಚನಕ್ಕೂ ಸ್ಟೀಲ್ ಲೋಟ ಗೆದ್ದವಳು ನಾನು. ಮದುವೆಯಾದ ಮೇಲೆ ಆ ಧ್ವನಿ ಹಾಲಿನವನನ್ನು ಕರೆಯುವುದಕ್ಕೆ, ಟ್ಯಾಂಕರ್ ಬಂತೆಂದು ಕೂಗುವುದಕ್ಕೆ ಮಾತ್ರ ಬಳಕೆಯಾಗುತ್ತಿತ್ತು. ಛತ್ರ ತುಂಬ ಜನ, ದೊಡ್ಡ ಸ್ಪೀಕರು, ಅದರೊಳಗೆ ನನ್ನ ಧ್ವನಿ! ಜಯರಾಮಪ್ಪನವರು ಹೊರಟ ಕೂಡಲೇ ಹೇಳಿದೆ, "ರೀ, ನಾನು ಮಾತಾಡ್ತೀನಿ."

ಇವರು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಒಂದ್ಸಲ ನೋಡಾಣ," ಎಂದರು. "ಚೆನ್ನಾಗ್ ಬಂದ್ರೆ ಇನ್ಮೇಲೆ ಕನ್ನಡದ್ದೆಲ್ಲ ನೀನೇ. ಬರ್ಲಿಲ್ವಾ, ಈಶ್ವರ್‌ಗೆ ಬಾಯಿಪಾಠ ಮಾಡುಸ್ತೀನಿ. ಆಮೇಲೆ ಅಳ್ಬಾರ್ದು."

"ಅಳೋಳು ನಾನಲ್ಲ."

ಮೊದಲ ರೆಕಾರ್ಡಿಂಗು ಮುಗಿಸಿ ಕೇಳಿದೆವು. ನನ್ನ ಧ್ವನಿ ಎಲ್ಲೋ ದೂರದಿಂದ, ಬಾವಿಗೆ ಬಿದ್ದವಳ ಕೂಗಿನ ಹಾಗೆ ಬರುತ್ತಿತ್ತು. ಮುಂದೆಲ್ಲ ಫ್ಯಾನು. 'ಶುಭ ಮುಹೂರ್ತ' ಎಂದರೆ 'ಗುಂಯ್ ಮುಹೂರ್ತ'.

"ಇದೇನೇ ಇದು, ಮದ್ವೆ ಮನೆಯಿಂದ ಮಾತಾಡ್ತಿದ್ದೀಯೋ, ರೈಸ್ ಮಿಲ್ಲಿಂದಲೋ?" ಎಂದರು ಇವರು.

"ಅದು ನನ್ ತಪ್ಪಾ? ನಿಮ್ ಲ್ಯಾಪ್‌ಟಾಪಿಂದು!"

"ಈಶ್ವರ್ ಧ್ವನಿ ಫ್ಯಾನಿಗಿಂತ ಜೋರು ಕಣೇ. ಅವ್ನಿಗೆ ಈ ತಾಪತ್ರಯವೇ ಇರ್ಲಿಲ್ಲ."

ಆ ಮಾತು ನನಗೆ ತಾಗಿತು. ಪ್ರತಿಜ್ಞೆ ಹುಟ್ಟಿದ್ದು ಆಗ.

ಮಾರನೆಯ ದಿನ ಇವರು ರೊದ್ದಂಗೆ ಯಾವುದೋ ಗೃಹಪ್ರವೇಶದ ಶೂಟಿಂಗಿಗೆ ಹೋದರು. ನಾನು ಲ್ಯಾಪ್‌ಟಾಪನ್ನು ಹಿತ್ತಿಲಿಗೆ ಹೊತ್ತು ತಂದು ಬೋರಲು ಹಾಕಿದೆ. ಜಾಲರಿಯಲ್ಲಿ ಧೂಳು ಕಂಬಳಿಯ ಹಾಗೆ ಕೂತಿತ್ತು. ಫ್ಯಾನು ಬೊಬ್ಬೆ ಹೊಡೆಯದೆ ಇನ್ನೇನು ಮಾಡೀತು, ಪಾಪ! ಅತ್ತೆ ಎಣ್ಣೆ ಬಟ್ಟಲು ಹಿಡಿದು ಬಂದರು.

"ಕಿರುಗುಟ್ಟೋ ವಸ್ತೂಗೆ ಹಳ್ಳೆಣ್ಣೆ ಬುಡ್ಬೇಕು ಕಣಮ್ಮ. ಗಾಡಿ ಕೀಲಿಗೆ ಬುಡ್ತಿದ್ವಿ, ಬಾಗ್ಲಿಗೆ ಬುಡ್ತಿದ್ವಿ, ಸುರೇಂದ್ರ ಹುಡ್ಗನಾಗಿದ್ದಾಗ ಹೊಟ್ಟೆನೋವು ಅಂತ ಕಿರುಗುಟ್ಟಿದ್ರೆ ಅವ್ನಿಗೂ ಬುಡ್ತಿದ್ವಿ."

"ಬ್ಯಾಡ ಅತ್ತೆ, ಇದು ಕರೆಂಟಿಂದು."

"ಕರೆಂಟಿಂದಾದ್ರೆ ಕೀಲಿರಲ್ವಾ? ನೀವು ಓದ್ದೋರು, ಏನಾನ ಮಾಡ್ಕೊಳಿ."

ನಾನು ಎಣ್ಣೆಯನ್ನು ನಿರಾಕರಿಸಿ, ನೀರೊಲೆಯ ಪಕ್ಕದಲ್ಲಿದ್ದ ಊದುಗೊಳವೆ ತೆಗೆದುಕೊಂಡೆ. ಒಲೆಯ ಬೂದಿ ಹಾರಿಸುವ ಕೊಳವೆಗೆ ಫ್ಯಾನಿನ ಧೂಳು ಯಾವ ಲೆಕ್ಕ? ಕೊಳವೆಯ ಒಂದು ತುದಿಯನ್ನು ಜಾಲರಿಗೆ ಹಿಡಿದು, ಇನ್ನೊಂದು ತುದಿಗೆ ಬಾಯಿಟ್ಟು, ಸ್ಟೀಲ್ ಲೋಟ ಗೆದ್ದ ಶ್ವಾಸವನ್ನೆಲ್ಲ ಒಟ್ಟುಗೂಡಿಸಿ ಊದಿದೆ.

ನಾನು ಮರೆತಿದ್ದ ಸಂಗತಿ ಒಂದಿತ್ತು. ಆಯುಧಪೂಜೆಯ ದಿನ ನಮ್ಮತ್ತೆ ಮನೆಯ ಸಕಲ ಯಂತ್ರಗಳಿಗೂ ಪೂಜೆ ಮಾಡುತ್ತಾರೆ. ಹಿಂದಿನ ಸಲ ಲ್ಯಾಪ್‌ಟಾಪಿಗೆ ಹಣೆ ಎಲ್ಲಿದೆ ಎಂದು ಗೊತ್ತಾಗದೆ, ರಂಧ್ರವಿರುವ ಕಡೆಯೇ ಬಾಯಿಯಿರಬೇಕೆಂದು, ಅಲ್ಲಿಗೇ ಧಾರಾಳವಾಗಿ ವಿಭೂತಿ, ಅರಿಸಿನ, ಕುಂಕುಮ ಅರ್ಪಿಸಿದ್ದರು. ಫ್ಯಾನು ಅದೆಲ್ಲವನ್ನೂ ಪ್ರಸಾದವೆಂದು ಒಳಗೆಳೆದುಕೊಂಡು ಕಾಪಾಡಿಟ್ಟಿತ್ತು. ನಾನು ಊದಿದ ಕ್ಷಣಕ್ಕೆ ಇನ್ನೊಂದು ರಂಧ್ರದಿಂದ ನೇರ ನನ್ನ ಮುಖಕ್ಕೆ ಹಿಂದಿರುಗಿಸಿತು.

ಕಣ್ಣು ಉಜ್ಜಿಕೊಂಡು, ಕೈಯಲ್ಲಿ ಕೊಳವೆ ಹಿಡಿದು, ಕೆಮ್ಮುತ್ತಾ ಎದ್ದು ನಿಂತೆ. ಅಷ್ಟರಲ್ಲಿ ಕ್ಯಾಮೆರಾದ ಟೇಪು ಮರೆತು ವಾಪಸು ಬಂದ ಇವರು ಹಿತ್ತಿಲ ಬಾಗಿಲಲ್ಲಿ ನಿಂತಿದ್ದರು.

"ಯಾವ ದೇವ್ರು ಬಂತೇ ನಿನ್ ಮೈಮೇಲೆ?"

"ಚೌಡೇಶ್ವರಿ ಇರ್ಬೇಕು ಕಣ್ಲಾ," ಎಂದರು ಅತ್ತೆ, ಎಣ್ಣೆ ಬಟ್ಟಲು ಕೆಳಗಿಡದೆ. "ಓಡೋಯ್ತಿದ್ರೆ ಈಗ್ಲೇ ಹೋಗ್ಬುಡು. ಕ್ವಾಪ ಬಂದ್ರೆ ಸುಮ್ಕೆ ಬುಡಲ್ಲ."

ಇವರು ನಗಲಿಲ್ಲ. ಲ್ಯಾಪ್‌ಟಾಪನ್ನು ಮಗುವಿನ ಹಾಗೆ ಎತ್ತಿಕೊಂಡು ಒಳಗೆ ಹೋಗಿ ಆನ್ ಮಾಡಿದರು. ಆನ್ ಆಯಿತು. ಸದ್ದು ನಿಜವಾಗಿಯೂ ಅರ್ಧಕ್ಕೆ ಇಳಿದಿತ್ತು! ಇವರ ಮುಖ ಸ್ವಲ್ಪ ಸಡಿಲವಾಯಿತು. "ಮುಖ ತೊಳ್ಕೊ," ಎಂದು ಹೇಳಿ ಹೊರಟರು. ನಮ್ಮ ಮನೆಯಲ್ಲಿ ಇದು ಶಹಬ್ಬಾಸ್‌ಗಿರಿ.

ಉಳಿದ ಅರ್ಧ ಸದ್ದು ಬಿಸಿಲಿನದು. ಹಿಂದೂಪುರದ ಏಪ್ರಿಲ್ಲಿನಲ್ಲಿ ಮನುಷ್ಯರೇ ಗುಂಯ್‌ಗುಡುತ್ತಾರೆ, ಯಂತ್ರದ ಪಾಡೇನು? ಅದನ್ನು ತಂಪು ಮಾಡಿದರೆ ಫ್ಯಾನು ತಾನಾಗಿ ಬಾಯಿ ಮುಚ್ಚುತ್ತದೆ. ತಂಪು ಎಂದರೆ ನಮಗೆಲ್ಲ ಗೊತ್ತಿರುವುದು ಒಂದೇ, ಮಡಕೆ. ಕುಡಿಯುವ ನೀರಿನ ಎರಡು ಮಡಕೆಗಳನ್ನು ಅಕ್ಕಪಕ್ಕ ಇಟ್ಟು, ಅವುಗಳ ಬಾಯಿಯ ಮೇಲೆ ಅಡುಗೆಮನೆಯ ಕಡಪ ಕಲ್ಲಿನ ತುಂಡೊಂದನ್ನು ಹಾಸಿದೆ. ಮಡಕೆಗಳಿಗೆ ಒದ್ದೆ ಬಟ್ಟೆ ಸುತ್ತಿದೆ. ಸ್ವಲ್ಪ ಹೊತ್ತಿಗೆ ಕಲ್ಲು ತಣ್ಣಗಾಯಿತು. ಅದರ ಮೇಲೆ ಲ್ಯಾಪ್‌ಟಾಪನ್ನು ಇಟ್ಟು, ಅಡಿಯಲ್ಲಿ ಗಾಳಿಯಾಡಲೆಂದು ಪ್ರತಿ ಮೂಲೆಗೂ ಒಂದೊಂದು ಹುಣಸೆಬೀಜ ಕೊಟ್ಟೆ. ಜಗಲಿ ಕಡೆಯ ಕಿಟಕಿ ತೆರೆದೆ. ಗಾಳಿ ನೇರ ಬರಲೆಂದು ಲ್ಯಾಪ್‌ಟಾಪನ್ನು ಕಿಟಕಿಗೆ ಮುಖ ಮಾಡಿ ಕೂರಿಸಿದೆ. ನಾನು ಕಿಟಕಿಗೆ ಬೆನ್ನು ಕೊಟ್ಟು, ಪರದೆ ನೋಡುತ್ತಾ ಕೂತೆ.

ಫ್ಯಾನು ಒಂದು ಸಲ ಗುಂಯ್ ಎಂದಿತು. ಇನ್ನೊಂದು ಸಲ ಸಣ್ಣಗೆ ಅಂದಿತು. ನಿಂತಿತು.

ಆ ನಿಶ್ಶಬ್ದವನ್ನು ಹೇಗೆ ಹೇಳಲಿ? ಮನೆ ಇದ್ದಕ್ಕಿದ್ದಂತೆ ದೊಡ್ಡದಾದ ಹಾಗಿತ್ತು. ಮೂಲೆಯಲ್ಲಿ ಹಲ್ಲಿ ಲೊಚಗುಟ್ಟಿದ್ದು ಕೇಳಿಸಿತು. ಬೇವಿನ ಎಲೆ ಒಂದು ಹಂಚಿನ ಮೇಲೆ ಜಾರಿದ್ದು ಕೇಳಿಸಿತು. ಮತ್ತು ಕೇಳಿಸಿತು: ಟಪ್, ಟಪ್, ಟಪ್.

ಜಗಲಿಯಲ್ಲಿ ಅತ್ತೆ ಮತ್ತು ಪಕ್ಕದ ಮನೆಯ ಸುವರ್ಣಮ್ಮ ಹುಣಸೆಹಣ್ಣು ಕುಟ್ಟುತ್ತಿದ್ದರು. ನಾನು ಹೊರಗೆ ಹೋಗಿ ಕೈಮುಗಿದೆ. "ಅತ್ತೆ, ಸುವರ್ಣಕ್ಕ, ನನ್ ರೆಕಾರ್ಡಿಂಗ್ ಮುಗಿಯೋಗಂಟ ಕುಟ್ಬ್ಯಾಡಿ. ದಮ್ಮಯ್ಯ."

"ಕುಟ್ದೆ ಸುಮ್ಕೆ ಏನ್ ಮಾಡಾಣ?" ಎಂದರು ಅತ್ತೆ.

"ಕಿಟಕೀಲಿ ವಿಡಿಯೊ ಕಾಣ್ತದೆ. ನೋಡ್ತಾ ಕೂತ್ಕೊಳಿ."

ಈ ಸಲಹೆ ಕೊಟ್ಟವಳು ನಾನೇ. ಇದನ್ನು ನಂತರ ಇವರು ಅನೇಕ ಸಲ ನೆನಪಿಸಿದ್ದಾರೆ.

ವಿಡಿಯೊ ಓಡಲು ಬಿಟ್ಟು, ನಾನೇ ಬರೆದಿದ್ದ ಸಾಲುಗಳನ್ನು ಓದಲು ಕೂತೆ. ನನ್ನ ಶೈಲಿ ನಿಧಾನದ್ದು. ಒಂದು ಸಾಲು ಹೇಳಿ, ಕಣ್ಣು ಮುಚ್ಚಿ, ಆ ಸಾಲು ಕೇಳುವವರ ಎದೆಗೆ ಇಳಿಯಲು ಬಿಟ್ಟು, ಆಮೇಲೆ ಮುಂದಿನದು. ಹಿಂದಿನಿಂದ ಗುಸುಗುಸು ಕೇಳಿಸುತ್ತಿತ್ತು. ನನ್ನ ಧ್ವನಿಗೆ ಮರುಳಾಗಿ ಮೆಚ್ಚಿ ಮಾತಾಡಿಕೊಳ್ಳುತ್ತಿದ್ದಾರೆ ಎಂದುಕೊಂಡೆ. ಅಷ್ಟು ಸಣ್ಣ ಪಿಸುಮಾತು ಮೈಕಿಗೆ ಎಲ್ಲಿ ತಾಗೀತು ಎಂದೂ ಅಂದುಕೊಂಡೆ.

ರೆಕಾರ್ಡಿಂಗ್ ಮುಗಿದ ಕೂಡಲೇ ಅತ್ತೆ ಬಂದು ತಮ್ಮ ಮಡಕೆಗಳನ್ನು ಎತ್ತಿಕೊಂಡು ಹೋದರು. ನಲ್ಲಿಯಲ್ಲಿ ನೀರಿಲ್ಲ, ಟ್ಯಾಂಕರ್ ಬಂದಿಲ್ಲ, ಲ್ಯಾಪ್‌ಟಾಪು ತಂಪಾಗಿರಲೆಂದು ಸಂಸಾರ ಬಾಯಾರಿ ಕೂರಲಾಗುತ್ತದೆಯೇ? ಹಾಗಾಗಿ ಇವರು ರೊದ್ದಂನಿಂದ ಬಂದು ಮಿಕ್ಸಿಂಗಿಗೆ ಕೂತಾಗ ಮಿಲ್ಲು ಪುನಃ ಶುರುವಾಯಿತು. ಹೆಡ್‌ಫೋನಿನ ವೈರನ್ನು ಎಂದೋ ಇಲಿ ಕಡಿದಿತ್ತು. ಆ ಭೋರ್ಗರೆತದ ನಡುವೆ ಇವರು ಲ್ಯಾಪ್‌ಟಾಪಿನ ಪುಟ್ಟ ಸ್ಪೀಕರಿಗೆ ಕಿವಿಯಿಟ್ಟು ಕೇಳಿದರು. ಫ್ಯಾನಿನ ಮೇಲಿಂದಲೂ ನನ್ನ ಧ್ವನಿ ಗಂಟೆಯ ಹಾಗೆ ಕೇಳಿಸಿತು.

"ಪರ್ವಾಗಿಲ್ವೇ," ಎಂದರು. "ಈಶ್ವರ್‌ನ ಬುಟ್ಬುಡಾಣ."

ನನಗೆ ಅಷ್ಟು ಸಾಕಾಗಿತ್ತು. ಡಿಸ್ಕು ಬರೆಸಿಕೊಂಡು ಬಸ್ಸಿನಲ್ಲಿ ಕಲ್ಯಾಣದುರ್ಗಕ್ಕೆ ಹೋದೆವು. ದಾರಿಯುದ್ದಕ್ಕೂ ನಾನು ಅದನ್ನು ಮಡಿಲಲ್ಲಿ ಇಟ್ಟುಕೊಂಡಿದ್ದೆ. ಅತ್ತೆಯನ್ನು ಮನೆಯಲ್ಲೇ ಬಿಟ್ಟು ಬಂದಿದ್ದೆವು. ಅಂದರೆ, ಬಿಟ್ಟು ಬಂದಿದ್ದೇವೆ ಎಂದುಕೊಂಡಿದ್ದೆವು.

ಛತ್ರ ತುಂಬಿತ್ತು. ಜಯರಾಮಪ್ಪನವರು ಬೀಗರನ್ನು ಮುಂದಿನ ಸಾಲಿನಲ್ಲಿ ಕೂರಿಸಿದ್ದರು. ನಡುವೆ ಗಂಡಿನ ತಾಯಿ ನಿರ್ಮಲಮ್ಮ, ಜರಿಸೀರೆ, ಗಂಟುಮೋರೆ. ಆಳೆತ್ತರದ ಸ್ಪೀಕರ್ ಬಾಕ್ಸುಗಳು ಎರಡೂ ಕಡೆ. ದೀಪ ಆರಿತು. ಪರದೆಯ ಮೇಲೆ ಸೋಮಂದೇಪಲ್ಲಿಯ ಅಂಗಳ ಅರಳಿತು. ನನ್ನ ಧ್ವನಿ ಛತ್ರದ ಮೂಲೆಮೂಲೆಗೂ ತುಂಬಿತು.

"ಬೇವಿನ ಹೂವು ಉದುರುವ ಹೊತ್ತು. ಅಂಗಳದಲ್ಲಿ ಎರಡು ಮನೆಗಳು ಒಂದಾಗುತ್ತಿವೆ..."

ನನ್ನ ಮೈ ಜುಮ್ಮೆಂದಿತು. ಸಾಲು ಎದೆಗೆ ಇಳಿಯಲೆಂದು ನಾನು ಬಿಟ್ಟಿದ್ದ ಮೌನ ಬಂತು. ಆ ಮೌನದೊಳಗಿಂದ, ಆಳೆತ್ತರದ ಬಾಕ್ಸುಗಳಿಂದ, ನಮ್ಮತ್ತೆ ಮಾತಾಡಿದರು.

"ಒಂದಾಯ್ತವೋ ಬುಡ್ತವೋ. ಆ ಗಂಡಿನವ್ವನ್ನ ನೋಡೇ ಸುವರ್ಣ, ತಟ್ಟೇಲಿರೋ ಬಾಳೆಹಣ್ಣು ಎಣಿಸ್ತಾ ಅವ್ಳೆ."

ಛತ್ರದ ತಲೆಗಳೆಲ್ಲ ಮುಂದಿನ ಸಾಲಿನ ಕಡೆ ತಿರುಗಿದವು. ಪರದೆಯ ಮೇಲೆ ನಿರ್ಮಲಮ್ಮನ ಬೆರಳು ನಿಜವಾಗಿಯೂ ಹಣ್ಣಿನಿಂದ ಹಣ್ಣಿಗೆ ಹೋಗುತ್ತಿತ್ತು. ನಾನು ಇವರ ತೋಳು ಹಿಡಿದೆ. ಇವರು ಆಗಲೇ ಗೋಡೆಯ ಬಣ್ಣಕ್ಕೆ ತಿರುಗಿದ್ದರು.

"ವರನ ಕಣ್ಣುಗಳಲ್ಲಿ ಸಾವಿರ ಕನಸು..." ಎಂದಿತು ನನ್ನ ಧ್ವನಿ, ಏನೂ ಆಗದವಳ ಹಾಗೆ.

"ಕನ್ಸಲ್ಲ ಕಣಕ್ಕ, ನಿದ್ದೆ. ಆಕಳಿಸ್ತಾವ್ನೆ ನೋಡು." ಇದು ಸುವರ್ಣಮ್ಮ.

"ತಲೆ ನೋಡೇ. ಮುಂದ್ಗಡೆ ಕಡ್ಲೆಕಾಯಿ ಕಿತ್ತ ಹೊಲ ಇದ್ದಂಗೈತೆ."

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ವೇದಿಕೆಯ ಮೇಲೆ ಕೂತಿದ್ದ ವರ ಪೇಟವನ್ನು ಹುಬ್ಬಿನವರೆಗೆ ಎಳೆದುಕೊಂಡ. ಇವರು ಕುರ್ಚಿಗಳನ್ನು ದಾಟಿ ಸೌಂಡಿನವನ ಬಳಿ ಓಡಿ, "ನಿಲ್ಸಣ್ಣ, ನಿಲ್ಸು!" ಎಂದು ಕೈ ಆಡಿಸಿದರು. ಅವನಿಗೆ ಕನ್ನಡ ಬಾರದು, ಆ ಗಾಬರಿಯಲ್ಲಿ ಇವರಿಗೆ ತೆಲುಗು ಬಾರದು. ಕೈ ಮೇಲೆ ಕೆಳಗೆ ಆಡಿದ್ದು ನೋಡಿ, "ಪೆಂಚಾಲಾ ಅನ್ನಾ? ಸರೇ!" ಎಂದು ಇನ್ನಷ್ಟು ಜೋರು ಮಾಡಿದ.

"ಬೀಗರ ಮುಖದಲ್ಲಿ ಬೆಳದಿಂಗಳು..."

"ಪೌಡ್ರು ಕಣೇ ಅದು. ಕತ್ತಿಗೆ ಬಳ್ಕೊಳೋದ ಮರ್ತವ್ರೆ."

ನಿರ್ಮಲಮ್ಮ ಕುರ್ಚಿಯಲ್ಲಿ ಮುಂದಕ್ಕೆ ಬಾಗಿದರು. ಜಯರಾಮಪ್ಪನವರು ಹೆಗಲ ಮೇಲಿನ ಟವೆಲ್ ತೆಗೆದು ಕೈಯಲ್ಲಿ ಹಿಡಿದಿದ್ದರು, ಯಾರ ಕಾಲಿಗೆ ಬೀಳುವುದೆಂದು ಗೊತ್ತಾಗದವರ ಹಾಗೆ. ಬೆಳಗಾದರೆ ಮುಹೂರ್ತ. ನನ್ನ ಧ್ವನಿಯ ಆಸೆಗೆ ಒಂದು ಹುಡುಗಿಯ ಮದುವೆ ಮುರಿಯಿತು ಎಂದು ನಾನು ಲೆಕ್ಕ ಹಾಕಿಬಿಟ್ಟೆ.

ಪರದೆಯ ಮೇಲೆ ಹುಡುಗಿ ಬಂದಳು. ನನ್ನ ಸಾಲು: "ಬಂಗಾರದ ಬಳೆಗಳು ನಾಚಿ ನಕ್ಕವು..."

ಮೌನ. ನಾನು ಕಣ್ಣು ಮುಚ್ಚಿದೆ. ಈ ಸಲ ಅತ್ತೆಯ ಧ್ವನಿ ಬೇರೆ ಥರ ಇತ್ತು.

"ನಾಚ್ಕೆ ಅಲ್ಲ ಕಣೇ. ಕೈ ನಡುಗ್ತೈತೆ ನೋಡು ಆ ಮಗೀಂದು. ಬೆಳಗಿಂದ ಏನೂ ತಿಂದಿಲ್ಲ ಕಾಣ್ತದೆ. ಸುತ್ತ ಇಷ್ಟು ಜನ ಅವ್ರೆ, ಯಾರಾನ ಒಂದ್ ಲೋಟ ನೀರ್ ಕೊಟ್ರೇನೇ ಅದ್ಕೆ?"

ಕಣ್ಣು ತೆರೆದು ನೋಡಿದೆ. ಬಳೆಗಳು ನಿಜವಾಗಿಯೂ ನಡುಗುತ್ತಿದ್ದವು. ಆ ದೃಶ್ಯವನ್ನು ನಾನು ಎಷ್ಟೋ ಸಲ ನೋಡಿದ್ದೆ, ಅದರ ಮೇಲೆ ಸಾಲು ಬರೆದಿದ್ದೆ. ಕೈ ನಡುಗುವುದನ್ನು ಕಂಡಿರಲಿಲ್ಲ.

ನಿರ್ಮಲಮ್ಮ ಎದ್ದು ನಿಂತರು. ಅವರು ವೇದಿಕೆಯ ಕಡೆ ತಿರುಗಿ, ಸೀರೆಯ ಭಾರದಲ್ಲಿ ತಲೆ ತಗ್ಗಿಸಿ ಕೂತಿದ್ದ ಸೊಸೆಯನ್ನು ನೋಡಿದರು.

"ಅವತ್ತಂತೂ ಕೊಡ್ಲಿಲ್ಲ. ಈಗಾದ್ರೂ ಯಾರಾನ ಆ ಮಗೀಗೆ ನೀರ್ ಕೊಟ್ರೇನ್ರೋ?" ಎಂದು ಗದರಿದರು. ನಾಲ್ಕೂ ಕಡೆಯಿಂದ ಲೋಟಗಳು ಓಡಿದವು. ಆಮೇಲೆ ಜಯರಾಮಪ್ಪನವರ ಕಡೆ ತಿರುಗಿದರು. "ಬಾಳೆಹಣ್ಣು ಎಣಿಸಿದ್ದು ದಿಟ ಕಣಪ್ಪ ಬೀಗ. ಕಮ್ಮಿ ಇದ್ವು!"

ಛತ್ರ ಬಿದ್ದು ಬಿದ್ದು ನಕ್ಕಿತು. ಜಯರಾಮಪ್ಪನವರು ಟವೆಲಿನಿಂದ ಕಣ್ಣು ಒರೆಸಿಕೊಂಡರು. "ದಾರೀಲಿ ನಾನೇ ತಿಂದೆ ಕಣಮ್ಮ!" ಎಂದರು.

"ಯಾರು ಆಯಮ್ಮ, ಮಾತಾಡಿದ್ದು?" ಎಂದು ನಿರ್ಮಲಮ್ಮ ಇವರನ್ನು ಹತ್ತಿರ ಕರೆದು ಕೇಳಿದರು.

"ನಮ್ಮ... ನಮ್ಮಮ್ಮ," ಎಂದರು ಇವರು, ಅಪರಾಧ ಒಪ್ಪಿಕೊಳ್ಳುವವರ ಹಾಗೆ.

"ಬೀಗರ ಹಾಡಲ್ಲಿ ಹಿಂಗೇ ಹಂಗಿಸ್ತಿದ್ರು ಕಣಪ್ಪ. ನನ್ ಮದ್ವೇಲಿ ನಮ್ಮತ್ತೆ ಮೂಗಿನ್ ಮೇಲೇ ಒಂದು ಹಾಡು ಕಟ್ಟಿದ್ರು. ಬೈಸ್ಕೊಳ್ದೆ ಹೋದ್ರೆ ಮದ್ವೆ ಆದಂಗೇ ಅನ್ನಿಸ್ತಿರ್ಲಿಲ್ಲ. ಆ ಹಾಡು ಹೇಳೋ ಮುದುಕೀರು ಒಬ್ಬೊಬ್ರೇ ಹೋಗ್ಬುಟ್ರು. ಇನ್ನು ಕೇಳಾಕಿಲ್ಲ ಅಂದ್ಕೊಂಡಿದ್ದೆ. ನಾಳೆ ಆಯಮ್ಮನ್ನ ಕರ್ಕೊಂಡ್ ಬಾ. ಎದುರಾ ಎದುರಾ ನೋಡ್ಕೊತೀನಿ."

ಆಮೇಲೆ, ನನ್ನ ಕಡೆ ನೋಡದೆಯೇ ಕೇಳಿದರು: "ಮಧ್ಯ ಮಧ್ಯ ಒಂದು ಹೆಣ್ಣು ಏನೋ ಪಾಠ ಓದ್ತಿತ್ತಲ್ಲ, ಅದ್ಯಾಕೆ?"

ಇಷ್ಟೇ ನಡೆದದ್ದು. ಇದರ ನಂತರ ಈಶ್ವರ್‌ನನ್ನು ಯಾರೂ ಕರೆಯಲಿಲ್ಲ. ನನ್ನನ್ನೂ ಕರೆಯಲಿಲ್ಲ. ಪೆನುಕೊಂಡ, ಸೋಮಂದೇಪಲ್ಲಿ, ಕಲ್ಯಾಣದುರ್ಗ, ಎಲ್ಲಿಂದ ಬಂದವರಾದರೂ ಇವರ ಹತ್ತಿರ ಕೇಳುವುದು ಒಂದೇ ಮಾತು, "ಆಯಮ್ಮನ ಧ್ವನಿ ಇರ್ತದಲ್ಲ?"

ಈಗ ಕಿಟಕಿಗೆ ಬೆನ್ನು ಕೊಟ್ಟು ಕೂರುವವರು ಅತ್ತೆ. ಫ್ಯಾನಿನ ಸದ್ದು ಅವರಿಗೆ ಸ್ವಲ್ಪವೂ ಆಗದು. ಮಿಲ್ಲು ಎಂದು ನಗುತ್ತಿದ್ದವರು ಈಗ, "ಪದ್ಮಾ, ನನ್ ಮಾತ್ನಾಗೆ ಗುಂಯ್ ಅಂತೈತೆ, ನೋಡು," ಎಂದು ಗದರುತ್ತಾರೆ. ಮಡಕೆಗೆ ನೀರು ತುಂಬುವುದು, ಬಟ್ಟೆ ಒದ್ದೆ ಮಾಡುವುದು, ಮೂಲೆಗಳಿಗೆ ಹುಣಸೆಬೀಜ ಕೊಡುವುದು ನನ್ನ ಕೆಲಸ. ಕುಡಿಯುವ ನೀರು ಎಂಬ ಮಾತನ್ನು ಅವರು ಈಗ ಎತ್ತುವುದಿಲ್ಲ. ಟ್ಯಾಂಕರ್ ಬಾರದ ದಿನ ನಾವು ಮಜ್ಜಿಗೆ ಕುಡಿಯುತ್ತೇವೆ.

ನನ್ನನ್ನು ಪೂರ್ತಿ ಕೈಬಿಟ್ಟಿದ್ದಾರೆಂದು ಹೇಳಿದರೆ ಸುಳ್ಳಾಗುತ್ತದೆ. ಮೊನ್ನೆ ಅತ್ತೆಯೇ ಕರೆದು ಹೇಳಿದರು:

"ನೀನೂ ಒಂದೊಂದ್ ಸಾಲು ಹೇಳು ಕಣಮ್ಮ. ಮಧ್ಯದಾಗೆ ನಾನು ಉಸ್ರು ತಕಳಾಕೆ, ಎಲೆಅಡಿಕೆ ಉಗಿಯಾಕೆ ಟೈಮ್ ಬೇಕಲ್ಲ."

ಹಾಗಾಗಿ ನನ್ನ ಸಾಲುಗಳನ್ನು ಹೊಸದಾಗಿ ಬರೆದಿದ್ದೇನೆ. ಎಲೆಅಡಿಕೆ ಉಗಿದು ಬರುವಷ್ಟು ಉದ್ದ, ಅದಕ್ಕಿಂತ ಒಂದು ಅಕ್ಷರವೂ ಹೆಚ್ಚಿಲ್ಲ. ನಾನು ಓದುವಾಗ ಈಗ ಕಣ್ಣು ಮುಚ್ಚುವುದಿಲ್ಲ, ಹುಡುಗಿಯ ಕೈ ನೋಡುತ್ತೇನೆ. ಇವತ್ತಿನ ಸಾಲು ಚೆನ್ನಾಗಿ ಬಂದಿದೆ, ನಿಮಗೆ ಓದಿ ಹೇಳುತ್ತೇನೆ ಕೇಳಿ: "ಬಾಗಿಲಿಗೆ ಕಟ್ಟಿದ ಮಾವಿನೆಲೆ ಇನ್ನೂ ಬಾಡಿಲ್ಲ, ಒಳಗೆ ಒಬ್ಬಳು ತನ್ನ ತವರಿನ..."

"ಪದ್ಮಾ! ಫ್ಯಾನು!"

ಬಂದೆ ಅತ್ತೆ, ಒದ್ದೆ ಬಟ್ಟೆ ತಂದೇ ಬಿಟ್ಟೆ. ಎಲ್ಲಿದ್ದೆ? ಹಾಂ, ಒಳಗೆ ಒಬ್ಬಳು ತನ್ನ ತವರಿನ ಅಂಗಳವನ್ನು ಕೊನೆಯ ಸಲ... ಬಂದೆ ಅತ್ತೆ, ಬಂದೆ!